ಆವಶ್ಯಕ ಮತ್ತು ಪರ್ಯಾಪ್ತ ನಿಬಂಧನೆಗಳು

ಆವಶ್ಯಕ ಮತ್ತು ಪರ್ಯಾಪ್ತ ನಿಬಂಧನೆಗಳು ಎಂಬವು ಎರಡು ಹೇಳಿಕೆಗಳ ನಡುವಣ ಸಂಬಂಧವನ್ನು ನಿರೂಪಿಸಲು ತರ್ಕಶಾಸ್ತ್ರ ಹಾಗೂ ಗಣಿತಶಾಸ್ತ್ರಗಳಲ್ಲಿ ಬಳಸುವ ಪಾರಿಭಾಷಿಕ ಪದಗಳು. ಯಾವ ನಿಬಂಧನೆಯು ಈಡೇರದೆ ಫಲಿತವು ಉಂಟಾಗಲಾರದೋ ಅದು ಆ ಫಲಿತಕ್ಕೆ ಆವಶ್ಯಕ ನಿಬಂಧನೆ. ಯಾವ ನಿಬಂಧನೆಯು ಈಡೇರಿದ ಮಾತ್ರದಿಂದಲೇ ಫಲಿತವು ನಿಶ್ಚಿತವಾಗುವುದೋ ಅದು ಪರ್ಯಾಪ್ತ ನಿಬಂಧನೆ. ಕನ್ನಡದ ‘ಬೇಕು’ ಮತ್ತು ‘ಸಾಕು’ ಎಂಬ ಎರಡು ಪದಗಳು ಈ ಭೇದವನ್ನು ನೇರವಾಗಿ ತಿಳಿಸುತ್ತವೆ: ಆವಶ್ಯಕವಾದುದು ಬೇಕು, ಪರ್ಯಾಪ್ತವಾದುದು ಸಾಕು. ಬೇಕಾದುದೆಲ್ಲ ಸಾಕಾಗುವುದಿಲ್ಲ, ಸಾಕಾಗುವುದೆಲ್ಲ ಬೇಕೇ ಬೇಕೆಂದೂ ಇಲ್ಲ. ಗಣಿತದ ಪ್ರಮೇಯಗಳಲ್ಲಿ ಮಾತ್ರವಲ್ಲದೆ ಶಾಸನಗಳ ಅಧ್ಯಯನ, ಬೇಸಾಯ, ವೈದ್ಯ, ಕಾನೂನು ಮುಂತಾದ ಕ್ಷೇತ್ರಗಳಲ್ಲಿಯೂ ಈ ಭೇದವನ್ನು ಮರೆತಾಗ ತಪ್ಪು ತೀರ್ಮಾನಗಳು ಉಂಟಾಗುತ್ತವೆ.

ವ್ಯಾಖ್ಯೆ

ಅ ಮತ್ತು ಬ ಎಂಬವು ಎರಡು ಹೇಳಿಕೆಗಳಾಗಿರಲಿ. ‘ಅ ನಿಜವಾದರೆ ಬ ನಿಜ’ ಎಂಬುದು ಸತ್ಯವಾಗಿದ್ದರೆ ಅದನ್ನು ಅ ⇒ ಬ ಎಂದು ಬರೆಯುತ್ತಾರೆ. ಆಗ ಅ ಎಂಬುದು ಬ ಗೆ ಪರ್ಯಾಪ್ತ. ಬ ಎಂಬುದು ಅ ಗೆ ಆವಶ್ಯಕ. ಒಂದೇ ಸಂಬಂಧವನ್ನು ಎರಡು ತುದಿಗಳಿಂದ ನೋಡಿದಾಗ ಈ ಎರಡು ಹೆಸರುಗಳು ದೊರೆಯುತ್ತವೆ.

ಅ ⇒ ಬ ಎಂಬುದರಿಂದ ‘ಬ ಇಲ್ಲದಿದ್ದರೆ ಅ ಇಲ್ಲ’ ಎಂಬುದು ತಾನಾಗಿಯೇ ಸಿದ್ಧಿಸುತ್ತದೆ. ಇದು ಮೂಲ ಹೇಳಿಕೆಯ ವ್ಯತಿರೇಕ ರೂಪ. ಮೂಲಕ್ಕೂ ಇದಕ್ಕೂ ಅರ್ಥದಲ್ಲಿ ಭೇದವಿಲ್ಲ. ಆದರೆ ಬ ⇒ ಅ ಎಂಬುದು ಮೂಲ ಹೇಳಿಕೆಯ ವಿಲೋಮ. ಮೂಲವು ಸತ್ಯವಾದ ಮಾತ್ರಕ್ಕೆ ವಿಲೋಮವು ಸತ್ಯವಾಗಬೇಕಾಗಿಲ್ಲ. ಅದನ್ನು ಬೇರೆಯಾಗಿಯೇ ಸಾಧಿಸಬೇಕು. ಅ ⇒ ಬ ಮತ್ತು ಬ ⇒ ಅ ಎರಡೂ ಸತ್ಯವಾಗಿದ್ದಾಗ ಅ ಎಂಬುದು ಬ ಗೆ ಆವಶ್ಯಕವೂ ಪರ್ಯಾಪ್ತವೂ ಆಗಿರುತ್ತದೆ. ಇದನ್ನು ಅ ⇔ ಬ ಎಂದು ಬರೆದು, ‘ಅ ಆದರೆ ಮತ್ತು ಅ ಆದರೆ ಮಾತ್ರ ಬ’ ಎಂದು ಓದುತ್ತಾರೆ. ಇಂಥ ಎರಡು ಹೇಳಿಕೆಗಳು ಪರಸ್ಪರ ತುಲ್ಯವಾಗಿರುವುದರಿಂದ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಬಳಸಬಹುದು.

ಹೀಗಾಗಿ ಯಾವುದೇ ನಿಬಂಧನೆಯು ಫಲಿತವೊಂದರೊಡನೆ ನಾಲ್ಕು ಬಗೆಯ ಸಂಬಂಧಗಳಲ್ಲಿ ಯಾವುದಾದರೂ ಒಂದನ್ನು ಹೊಂದಿರುತ್ತದೆ: ಆವಶ್ಯಕವಾಗಿದ್ದು ಪರ್ಯಾಪ್ತವಲ್ಲದ್ದು, ಪರ್ಯಾಪ್ತವಾಗಿದ್ದು ಆವಶ್ಯಕವಲ್ಲದ್ದು, ಎರಡೂ ಆಗಿರುವುದು, ಎರಡೂ ಅಲ್ಲದ್ದು.

ಭಾಷೆಯಲ್ಲಿ ಗುರುತಿಸುವ ಬಗೆ

ಕನ್ನಡದಲ್ಲಿ ‘ಆದರೆ’, ‘ಇದ್ದರೆ ಸಾಕು’, ‘ಆದೊಡನೆ’ ಎಂಬ ಪ್ರಯೋಗಗಳು ಸಾಮಾನ್ಯವಾಗಿ ಪರ್ಯಾಪ್ತತೆಯನ್ನು ಸೂಚಿಸುತ್ತವೆ. ‘ಆದರೆ ಮಾತ್ರ’, ‘ಇಲ್ಲದೆ ಆಗದು’, ‘ಹೊರತು ಇಲ್ಲ’ ಎಂಬವು ಆವಶ್ಯಕತೆಯನ್ನು ಸೂಚಿಸುತ್ತವೆ. ‘ಮಳೆ ಬಂದರೆ ಅಂಗಳ ನೆನೆಯುತ್ತದೆ’ ಎಂಬಲ್ಲಿ ಮಳೆಯು ಅಂಗಳ ನೆನೆಯಲು ಪರ್ಯಾಪ್ತ. ನೀರು ಚಿಮುಕಿಸಿದರೂ ಅಂಗಳ ನೆನೆಯುವುದರಿಂದ ಆವಶ್ಯಕವಲ್ಲ. ‘ಎಣ್ಣೆಯಿದ್ದರೆ ಮಾತ್ರ ಹಣತೆ ಉರಿಯುತ್ತದೆ’ ಎಂಬಲ್ಲಿ ಎಣ್ಣೆಯು ಆವಶ್ಯಕ. ಬತ್ತಿಯೂ ಬೆಂಕಿಯೂ ಬೇಕಾಗಿರುವುದರಿಂದ ಪರ್ಯಾಪ್ತವಲ್ಲ. ‘ಬೆಳ್ಳಗಿರುವುದೆಲ್ಲ ಹಾಲಲ್ಲ’ ಎಂಬ ಗಾದೆಯು ಇದೇ ತತ್ತ್ವವನ್ನು ಹೇಳುತ್ತದೆ: ಹಾಲಿಗೆ ಬಿಳುಪು ಬೇಕು, ಬಿಳುಪೊಂದೇ ಸಾಲದು.

ಆಡುಮಾತಿನಲ್ಲಿ ‘ಆದರೆ’ ಎಂಬುದನ್ನು ಹಲವು ವೇಳೆ ‘ಆದರೆ ಮಾತ್ರ’ ಎಂಬ ಅರ್ಥದಲ್ಲಿಯೂ ಬಳಸುವುದುಂಟು. ‘ಪಾಠ ಓದಿದರೆ ಜಾತ್ರೆಗೆ ಕರೆದೊಯ್ಯುತ್ತೇನೆ’ ಎಂದು ತಂದೆ ಹೇಳಿದಾಗ, ಓದದಿದ್ದರೆ ಕರೆದೊಯ್ಯುವುದಿಲ್ಲವೆಂದೇ ಮಗು ಅರ್ಥಮಾಡಿಕೊಳ್ಳುತ್ತದೆ. ಸಂದರ್ಭದಿಂದ ಒದಗುವ ಈ ಅಧಿಕ ಅರ್ಥವನ್ನು ಗಣಿತದ ಭಾಷೆಯು ಸ್ವೀಕರಿಸುವುದಿಲ್ಲ.

ಗಣಿತದಲ್ಲಿ

ಭಾಜ್ಯತೆ

ಒಂದು ಪೂರ್ಣಸಂಖ್ಯೆಯು 6ರಿಂದ ನಿಶ್ಶೇಷವಾಗಿ ಭಾಗವಾಗಬೇಕಾದರೆ ಅದು 2ರಿಂದ ಭಾಗವಾಗುವುದು ಆವಶ್ಯಕ. 3ರಿಂದ ಭಾಗವಾಗುವುದೂ ಆವಶ್ಯಕ. ಇವುಗಳಲ್ಲಿ ಯಾವುದೊಂದೂ ತಾನಾಗಿ ಪರ್ಯಾಪ್ತವಲ್ಲ. ಎರಡೂ ಕೂಡಿದಾಗ ಪರ್ಯಾಪ್ತವಾಗುತ್ತವೆ. ಆದರೆ ಆವಶ್ಯಕವಾದ ನಿಬಂಧನೆಗಳನ್ನು ಹಲವು ಸೇರಿಸಿದ ಮಾತ್ರಕ್ಕೆ ಅವು ಪರ್ಯಾಪ್ತವಾಗುವುವೆಂದು ಭಾವಿಸಬಾರದು. 12ರಿಂದ ಭಾಗವಾಗಲು 2ರಿಂದಲೂ 6ರಿಂದಲೂ ಭಾಗವಾಗುವುದು ಆವಶ್ಯಕ. ಆದರೆ 18 ಈ ಎರಡನ್ನೂ ಪೂರೈಸಿಯೂ 12ರಿಂದ ಭಾಗವಾಗುವುದಿಲ್ಲ. ಪರ್ಯಾಪ್ತವಲ್ಲವೆಂದು ತೋರಿಸಲು ಇಂಥ ಒಂದೇ ಪ್ರತ್ಯುದಾಹರಣೆ ಸಾಕು. ಪರ್ಯಾಪ್ತವೆಂದು ತೋರಿಸಲು ಎಷ್ಟು ಉದಾಹರಣೆಗಳೂ ಸಾಲವು, ಸಾಧನೆಯೇ ಬೇಕು.

ಚತುರ್ಭುಜದ ಕ್ಷೇತ್ರಫಲ

ನಿಬಂಧನೆಯನ್ನು ಸ್ಪಷ್ಟವಾಗಿ ಹೇಳದಿದ್ದರೆ ಆಗುವ ತೊಡಕಿಗೆ ಭಾರತೀಯ ಗಣಿತದ ಇತಿಹಾಸದಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. ಮೂರು ಬಾಹುಗಳ ಉದ್ದ ತಿಳಿದರೆ ತ್ರಿಭುಜದ ಆಕಾರವೂ ಕ್ಷೇತ್ರಫಲವೂ ನಿಶ್ಚಿತವಾಗುತ್ತವೆ. ಚತುರ್ಭುಜಕ್ಕೆ ಈ ಮಾತು ಅನ್ವಯಿಸುವುದಿಲ್ಲ. ಬ್ರಹ್ಮಗುಪ್ತನು 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ, ನಾಲ್ಕು ಬಾಹುಗಳ ಮೊತ್ತದ ಅರ್ಧದಿಂದ ಒಂದೊಂದು ಬಾಹುವನ್ನೂ ಕಳೆದು, ಬಂದ ನಾಲ್ಕು ಶೇಷಗಳ ಗುಣಲಬ್ಧದ ವರ್ಗಮೂಲವನ್ನು ಸೂಕ್ಷ್ಮ ಕ್ಷೇತ್ರಫಲವೆಂದು ಹೇಳಿದ್ದಾನೆ. ಮಾನ್ಯಖೇಟದಿಂದ (ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ) ಆಳಿದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯನೂ 9ನೆಯ ಶತಮಾನದ ತನ್ನ ಗಣಿತಸಾರಸಂಗ್ರಹದಲ್ಲಿ ಇದೇ ಸೂತ್ರವನ್ನು ಕೊಟ್ಟಿದ್ದಾನೆ. ಸೂತ್ರವು ಚಕ್ರೀಯ ಚತುರ್ಭುಜಕ್ಕೆ, ಎಂದರೆ ನಾಲ್ಕು ಶೃಂಗಗಳೂ ಒಂದೇ ವೃತ್ತದ ಮೇಲಿರುವ ಚತುರ್ಭುಜಕ್ಕೆ, ಮಾತ್ರ ಸಲ್ಲುತ್ತದೆಂಬ ನಿಬಂಧನೆಯನ್ನು ಇಬ್ಬರ ಸೂತ್ರಗಳಲ್ಲಿಯೂ ಬಾಯ್ಬಿಟ್ಟು ಹೇಳಿಲ್ಲ.

ಎರಡನೆಯ ಭಾಸ್ಕರಾಚಾರ್ಯನು 12ನೆಯ ಶತಮಾನದ ಲೀಲಾವತಿಯಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿದ್ದಾನೆ. ಬಾಹುಗಳು ಅವೇ ಆಗಿದ್ದರೂ ಕರ್ಣಗಳು ಬೇರೆಯಾಗಬಹುದಾದ್ದರಿಂದ ಚತುರ್ಭುಜದ ಕ್ಷೇತ್ರಫಲ ನಿಯತವಲ್ಲ. ಕರ್ಣವನ್ನಾಗಲಿ ಲಂಬವನ್ನಾಗಲಿ ತಿಳಿಸದೆ ಕ್ಷೇತ್ರಫಲವನ್ನು ಕೇಳುವುದೂ ಹೇಳಹೊರಡುವುದೂ ಅವಿವೇಕವೆಂಬುದು ಆತನ ನಿಲುವು. ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ, ಕ್ಷೇತ್ರಫಲವನ್ನು ನಿರ್ಧರಿಸಲು ನಾಲ್ಕು ಬಾಹುಗಳ ಉದ್ದವು ಪರ್ಯಾಪ್ತವಲ್ಲ.

ಇದರ ವ್ಯಾವಹಾರಿಕ ಮಹತ್ತ್ವವನ್ನು ಹೊಲದ ಅಳತೆಯಲ್ಲಿ ಕಾಣಬಹುದು. ನಾಲ್ಕು ಬದುಗಳೂ 100 ಮೀಟರ್ ಉದ್ದವಿರುವ ಹೊಲವು ಚೌಕವಾಗಿದ್ದರೆ ಅದರ ವಿಸ್ತೀರ್ಣ 10,000 ಚದರ ಮೀಟರ್, ಎಂದರೆ ಒಂದು ಹೆಕ್ಟೇರು. ಅವೇ ಬದುಗಳ ಹೊಲವು ಓರೆಯಾಗಿದ್ದು ಕರ್ಣಗಳು 120 ಮತ್ತು 160 ಮೀಟರ್ ಆಗಿದ್ದರೆ ವಿಸ್ತೀರ್ಣ 9,600 ಚದರ ಮೀಟರ್. ಇದು ಸುಮಾರು ನಾಲ್ಕು ಗುಂಟೆ ಕಡಿಮೆ. ಕರ್ಣಗಳು 56 ಮತ್ತು 192 ಮೀಟರ್ ಆದರೆ ವಿಸ್ತೀರ್ಣ 5,376 ಚದರ ಮೀಟರಿಗೆ ಇಳಿಯುತ್ತದೆ. ಬದುಗಳ ಉದ್ದವನ್ನು ಮಾತ್ರ ನಂಬಿ ಕ್ರಯ ಮಾಡುವವನು ಅರ್ಧದಷ್ಟು ಭೂಮಿಯನ್ನೇ ಕಳೆದುಕೊಳ್ಳಬಹುದು. ಒಂದು ಕರ್ಣವನ್ನೂ ಅಳೆದರೆ ಹೊಲವು ಎರಡು ತ್ರಿಭುಜಗಳಾಗಿ ಒಡೆಯುತ್ತದೆ. ಆಗ ಅಳತೆಯು ಪರ್ಯಾಪ್ತವಾಗುತ್ತದೆ. ಬಾಗಿಲ ಚೌಕಟ್ಟು ಓರೆಯಾಗದಂತೆ ಬಡಗಿಯು ಮೂಲೆಯಿಂದ ಮೂಲೆಗೆ ಪಟ್ಟಿ ಹೊಡೆಯುವುದೂ ಇದೇ ಕಾರಣದಿಂದ.

ಮೇಲಿನ ಸೂತ್ರವು ಸರಿಯಾದ ಕ್ಷೇತ್ರಫಲವನ್ನು ಕೊಡಲು ಚತುರ್ಭುಜವು ಚಕ್ರೀಯವಾಗಿರುವುದು ಆವಶ್ಯಕವೂ ಹೌದು, ಪರ್ಯಾಪ್ತವೂ ಹೌದು. ಚಕ್ರೀಯವಾಗಿರಲು ಎದುರು ಕೋನಗಳ ಮೊತ್ತ 180 ಡಿಗ್ರಿ ಆಗಿರುವುದು, ಅಂತೆಯೇ, ಆವಶ್ಯಕ ಮತ್ತು ಪರ್ಯಾಪ್ತ.

ಕಲನಶಾಸ್ತ್ರ

ಅವಕಲನೀಯ ಉತ್ಪನ್ನವೊಂದು ಅಂತರಾಳದ ಒಳಗಿನ ಒಂದು ಬಿಂದುವಿನಲ್ಲಿ ಗರಿಷ್ಠ ಅಥವಾ ಕನಿಷ್ಠ ಬೆಲೆಯನ್ನು ಪಡೆಯಬೇಕಾದರೆ ಅಲ್ಲಿ ಅದರ ಮೊದಲನೆಯ ನಿಷ್ಪನ್ನ ಸೊನ್ನೆಯಾಗಿರುವುದು ಆವಶ್ಯಕ. ಇದು ಪರ್ಯಾಪ್ತವಲ್ಲ: ಚರವೊಂದರ ಘನದ ನಿಷ್ಪನ್ನವು ಸೊನ್ನೆಯ ಬಿಂದುವಿನಲ್ಲಿ ಸೊನ್ನೆಯಾಗುತ್ತದೆ, ಆದರೆ ಅಲ್ಲಿ ಗರಿಷ್ಠವೂ ಇಲ್ಲ, ಕನಿಷ್ಠವೂ ಇಲ್ಲ. ಮೊದಲನೆಯ ನಿಷ್ಪನ್ನ ಸೊನ್ನೆಯಾಗಿ ಎರಡನೆಯ ನಿಷ್ಪನ್ನ ಧನಾತ್ಮಕವಾಗಿರುವುದು ಸ್ಥಾನೀಯ ಕನಿಷ್ಠಕ್ಕೆ ಪರ್ಯಾಪ್ತ. ಆದರೆ ಇದು ಆವಶ್ಯಕವಲ್ಲ: ಚರದ ನಾಲ್ಕನೆಯ ಘಾತಕ್ಕೆ ಸೊನ್ನೆಯಲ್ಲಿ ಕನಿಷ್ಠ ಬೆಲೆಯಿದ್ದರೂ ಅದರ ಎರಡನೆಯ ನಿಷ್ಪನ್ನ ಅಲ್ಲಿ ಸೊನ್ನೆಯೇ ಆಗಿದೆ.

ಅನಂತ ಶ್ರೇಢಿಯ ಮೊತ್ತವು ಸಾಂತ ಬೆಲೆಯೊಂದನ್ನು ಸಮೀಪಿಸಲು ಅದರ ಪದಗಳು ಸೊನ್ನೆಯ ಕಡೆಗೆ ಸಾಗುವುದು ಆವಶ್ಯಕ. 1 + 1/2 + 1/3 + 1/4 + … ಎಂಬ ಶ್ರೇಢಿಯು ಈ ನಿಬಂಧನೆಯನ್ನು ಪೂರೈಸಿಯೂ ಮಿತಿಯಿಲ್ಲದೆ ಬೆಳೆಯುವುದರಿಂದ ಇದು ಪರ್ಯಾಪ್ತವಲ್ಲ.

ಅವಿಭಾಜ್ಯ ಸಂಖ್ಯೆಗಳು

ಫರ್ಮಾನ ಕಿರಿಯ ಪ್ರಮೇಯದಂತೆ, ಬೆಸ ಸಂಖ್ಯೆಯೊಂದು ಅವಿಭಾಜ್ಯವಾಗಿದ್ದರೆ, ಅದಕ್ಕಿಂತ ಒಂದು ಕಡಿಮೆಯಾದ ಘಾತಕ್ಕೆ 2ನ್ನು ಏರಿಸಿ ಅದೇ ಸಂಖ್ಯೆಯಿಂದ ಭಾಗಿಸಿದಾಗ ಶೇಷ 1 ಉಳಿಯಬೇಕು. ಈ ಆವಶ್ಯಕ ನಿಬಂಧನೆಯನ್ನು 341 ಪೂರೈಸುತ್ತದೆ; ಆದರೆ 341 = 11 × 31. ಆದ್ದರಿಂದ ಈ ಪರೀಕ್ಷೆಯಲ್ಲಿ ಸೋತ ಬೆಸ ಸಂಖ್ಯೆ ಅವಿಭಾಜ್ಯವಲ್ಲವೆಂದು ಖಚಿತವಾಗಿ ಹೇಳಬಹುದು. ಗೆದ್ದ ಸಂಖ್ಯೆ ಅವಿಭಾಜ್ಯವೆಂದು ಹೇಳಲಾಗದು. ವಿಲ್ಸನ್ನನ ಪ್ರಮೇಯವು ಆವಶ್ಯಕವೂ ಪರ್ಯಾಪ್ತವೂ ಆದ ನಿಬಂಧನೆಯನ್ನು ಕೊಡುತ್ತದೆ. ಆದರೆ ದೊಡ್ಡ ಸಂಖ್ಯೆಗಳಿಗೆ ಅದರ ಲೆಕ್ಕ ಅತಿ ದೀರ್ಘವಾಗುವುದರಿಂದ ಗಣಕಗಳಲ್ಲಿ ಫರ್ಮಾನ ಪ್ರಮೇಯವನ್ನು ಆಧರಿಸಿದ ಪರೀಕ್ಷೆಗಳೇ ಹೆಚ್ಚು ಉಪಯುಕ್ತವಾಗಿವೆ.

ಭಾರತೀಯ ತರ್ಕದಲ್ಲಿ ವ್ಯಾಪ್ತಿ

ನ್ಯಾಯದರ್ಶನದ ವ್ಯಾಪ್ತಿವಿಚಾರವು ಇದೇ ಭೇದವನ್ನು ಬೇರೊಂದು ಪರಿಭಾಷೆಯಲ್ಲಿ ನಿರೂಪಿಸುತ್ತದೆ. ‘ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ’ ಎಂಬ ನಿಯತ ಸಾಹಚರ್ಯವೇ ವ್ಯಾಪ್ತಿ. ಇಲ್ಲಿ ಹೊಗೆಯು ವ್ಯಾಪ್ಯ, ಬೆಂಕಿಯು ವ್ಯಾಪಕ. ವ್ಯಾಪ್ಯದ ಇರವಿನಿಂದ ವ್ಯಾಪಕದ ಇರವನ್ನು ಊಹಿಸಬಹುದಾದ್ದರಿಂದ, ಬೆಂಕಿಯನ್ನು ನಿಶ್ಚಯಿಸಲು ಹೊಗೆಯು ಪರ್ಯಾಪ್ತ. ವ್ಯಾಪಕವಿಲ್ಲದೆಡೆ ವ್ಯಾಪ್ಯವೂ ಇರದಾದ್ದರಿಂದ, ಹೊಗೆಗೆ ಬೆಂಕಿಯು ಆವಶ್ಯಕ. ‘ಎಲ್ಲಿ ಬೆಂಕಿಯಿಲ್ಲವೋ ಅಲ್ಲಿ ಹೊಗೆಯಿಲ್ಲ’ ಎಂಬುದು ವ್ಯತಿರೇಕವ್ಯಾಪ್ತಿ.

‘ಎಲ್ಲಿ ಬೆಂಕಿಯೋ ಅಲ್ಲಿ ಹೊಗೆ’ ಎಂಬ ವಿಲೋಮವನ್ನು ನೈಯಾಯಿಕರು ಒಪ್ಪುವುದಿಲ್ಲ. ಕಾಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲವೆಂಬುದು ಅವರು ಕೊಡುವ ಪ್ರತ್ಯುದಾಹರಣೆ. ಬೆಂಕಿಯಿಂದ ಹೊಗೆ ಹುಟ್ಟಲು ಹಸಿ ಸೌದೆಯ ಸಂಯೋಗವೂ ಬೇಕು. ಅನುಮಾನವನ್ನು ಕೆಡಿಸುವ ಇಂಥ ಮರೆಯಾದ ನಿಬಂಧನೆಯನ್ನು ಉಪಾಧಿ ಎನ್ನುತ್ತಾರೆ. ಒಂದೇ ದಿಕ್ಕಿನಲ್ಲಿ ಸಲ್ಲುವ ವ್ಯಾಪ್ತಿಯನ್ನು ವಿಷಮವ್ಯಾಪ್ತಿ ಎಂದೂ ಎರಡೂ ದಿಕ್ಕಿನಲ್ಲಿ ಸಲ್ಲುವುದನ್ನು ಸಮವ್ಯಾಪ್ತಿ ಎಂದೂ ಕರೆಯುತ್ತಾರೆ. ಸಮವ್ಯಾಪ್ತಿಯು ಆವಶ್ಯಕ ಮತ್ತು ಪರ್ಯಾಪ್ತ ಸಂಬಂಧಕ್ಕೆ ಸಮಾನವಾದುದು. ವಿಜಯನಗರ ಕಾಲದ ವ್ಯಾಸತೀರ್ಥರ ತರ್ಕತಾಂಡವವು ನ್ಯಾಯಮತದ ಪ್ರಮಾಣವಿಚಾರವನ್ನು ದ್ವೈತದೃಷ್ಟಿಯಿಂದ ವಿಮರ್ಶಿಸುವ ಪ್ರಮುಖ ಕೃತಿಯಾಗಿದೆ.

ಶಾಸನಶಾಸ್ತ್ರದಲ್ಲಿ: ಮಸ್ಕಿಯ ಶಾಸನ

ಐತಿಹಾಸಿಕ ಪ್ರಮಾಣಗಳನ್ನು ತೂಗುವಾಗಲೂ ‘ಈ ಕುರುಹು ಬೇಕೇ, ಸಾಕೇ’ ಎಂಬ ಪ್ರಶ್ನೆಯೇ ಮುಖ್ಯವಾಗುತ್ತದೆ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಓದಿದಾಗ, ದೇಶದ ಹಲವೆಡೆಯ ಶಾಸನಗಳು ‘ದೇವಾನಾಂಪಿಯ ಪಿಯದಸಿ’ ಎಂಬ ರಾಜನವೆಂದು ತಿಳಿಯಿತು. ದೇವಾನಾಂಪಿಯ ಎಂಬ ಬಿರುದನ್ನು ಆಧರಿಸಿ ಆತನು ಮೊದಲು ಅವನ್ನು ಸಿಂಹಳದ ರಾಜ ದೇವಾನಾಂಪಿಯ ತಿಸ್ಸನಿಗೆ ಆರೋಪಿಸಿದನು. ಸಿಂಹಳದ ಪಾಲಿ ಗ್ರಂಥಗಳನ್ನು ಬಲ್ಲ ಜಾರ್ಜ್ ಟರ್ನರ್, ಪಿಯದಸಿಯು ಮೌರ್ಯ ಅಶೋಕನೇ ಎಂದು ದೀಪವಂಶದ ನೆರವಿನಿಂದ ತೋರಿಸಿದನು. ಅಶೋಕನ ಮೊಮ್ಮಗ ದಶರಥನೂ ನಾಗಾರ್ಜುನಿ ಗುಹೆಗಳ ಶಾಸನಗಳಲ್ಲಿ ದೇವಾನಾಂಪಿಯನೆಂಬ ಬಿರುದನ್ನು ಧರಿಸಿದ್ದಾನೆ. ಹಾಗಾಗಿ ಶಾಸನವೊಂದು ಅಶೋಕನದೆಂದು ನಿರ್ಣಯಿಸಲು ಆ ಬಿರುದೊಂದೇ ಪರ್ಯಾಪ್ತವಲ್ಲ.

1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಕಂಡುಹಿಡಿದ ಬಂಡೆಶಾಸನದಲ್ಲಿ ಬಿರುದಿನ ಜೊತೆಗೆ ಅಶೋಕ ಎಂಬ ಹೆಸರೂ ದೊರೆಯಿತು. ಗ್ರಂಥಾಧಾರದಿಂದ ಊಹಿಸಿದ್ದ ಅಭೇದಕ್ಕೆ ಶಾಸನದಿಂದಲೇ ನೇರ ಸಮರ್ಥನೆ ಒದಗಿತು. ಮಧ್ಯಪ್ರದೇಶದ ಗುಜರ್ರಾ ಹಾಗೂ ಬಳ್ಳಾರಿ ಜಿಲ್ಲೆಯ ನಿಟ್ಟೂರು ಮತ್ತು ಉಡೇಗೋಳಗಳ ಶಾಸನಗಳಲ್ಲಿಯೂ ಈ ಹೆಸರು ಅನಂತರ ಕಂಡುಬಂದಿತು. ಬಿರುದು, ಲಿಪಿ, ಭಾಷೆ ಮತ್ತು ವಿಷಯಗಳೊಡನೆ ಹೆಸರೂ ಇದ್ದರೆ ಅದು ನಿರ್ಣಯಕ್ಕೆ ಪರ್ಯಾಪ್ತ. ಆದರೆ ಅದು ಆವಶ್ಯಕವಲ್ಲ. ಅಶೋಕನ ಬಹುಪಾಲು ಶಾಸನಗಳಲ್ಲಿ ಆ ಹೆಸರೇ ಇಲ್ಲ. ಹೆಸರಿಲ್ಲವೆಂಬ ಕಾರಣದಿಂದ ಅವನ್ನು ತಳ್ಳಿಹಾಕುವುದೂ ಬಿರುದಿದೆಯೆಂಬ ಕಾರಣದಿಂದಲೇ ಒಪ್ಪಿಬಿಡುವುದೂ ಸಮಾನವಾಗಿ ದೋಷಯುಕ್ತ.

ಬೇಸಾಯ ಮತ್ತು ನಿಸರ್ಗ ವಿಜ್ಞಾನಗಳಲ್ಲಿ

ಬೇಸಾಯದ ಫಲವು ಹಲವು ನಿಬಂಧನೆಗಳು ಕೂಡಿದಾಗ ಮಾತ್ರ ದೊರೆಯುವಂಥದು. ಮಣ್ಣು, ನೀರು, ಬೀಜ, ಪೋಷಕಾಂಶ, ಹದ ಇವುಗಳಲ್ಲಿ ಪ್ರತಿಯೊಂದೂ ಬೇಕು, ಯಾವುದೊಂದೂ ಸಾಲದು. ಮಸ್ಕಿಯ ಸಮೀಪದ ಸಂತೆಕಲ್ಲೂರಿನ ಘನಮಠದ ಶಿವಯೋಗಿಗಳು 19ನೆಯ ಶತಮಾನದಲ್ಲಿ ರಚಿಸಿದ ಕೃಷಿಜ್ಞಾನಪ್ರದೀಪಿಕೆಯು ಒಕ್ಕಲುತನವನ್ನೇ ವಸ್ತುವಾಗುಳ್ಳ ಕನ್ನಡ ಕೃತಿ. ಅತಿ ಕಡಿಮೆ ಪ್ರಮಾಣದಲ್ಲಿ ದೊರೆಯುವ ಪೋಷಕಾಂಶವೇ ಇಳುವರಿಯ ಮೇರೆಯನ್ನು ನಿಶ್ಚಯಿಸುತ್ತದೆಂಬ ಲೀಬಿಗ್‌ನ ಕನಿಷ್ಠತಾ ನಿಯಮವು ಆವಶ್ಯಕ ನಿಬಂಧನೆಗಳ ಈ ಸ್ವಭಾವವನ್ನೇ ಆಧರಿಸಿದೆ: ಒಂದರ ಕೊರತೆಯನ್ನು ಇನ್ನೊಂದರ ಸಮೃದ್ಧಿಯು ತುಂಬಲಾರದು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಸಿಂಧನೂರು ಸೀಮೆಯ ಭತ್ತದ ಗದ್ದೆಗಳು ಇದಕ್ಕೆ ನಿದರ್ಶನ. ಭತ್ತಕ್ಕೆ ನೀರು ಆವಶ್ಯಕ. ನೀರು ಹರಿದುಬಂದರೆ ಬೆಳೆ ನಿಶ್ಚಿತವೆಂದು ಅದನ್ನೇ ಪರ್ಯಾಪ್ತವೆಂದು ತಿಳಿದರೆ ಬಸಿಗಾಲುವೆಗಳ ಕಡೆಗೆ ಗಮನ ಹರಿಯದು. ಬಸಿದುಹೋಗದ ನೀರು ಕಪ್ಪುಮಣ್ಣಿನಲ್ಲಿ ನಿಂತು, ಆವಿಯಾಗಿ, ಲವಣಗಳನ್ನು ಮೇಲೆ ಉಳಿಸುತ್ತದೆ. ಕ್ರಮೇಣ ಭೂಮಿಯು ಸವಳು-ಜವಳಾಗುತ್ತದೆ. ಬೇಕಾದ ವಸ್ತುವನ್ನೇ ಸಾಕಾದುದೆಂದು ಭ್ರಮಿಸಿದುದರ ಬೆಲೆಯನ್ನು ಇಲ್ಲಿ ಭೂಮಿಯೇ ತೆರಬೇಕಾಗುತ್ತದೆ.

ವೈದ್ಯಶಾಸ್ತ್ರದಲ್ಲಿ ಕ್ಷಯರೋಗಕ್ಕೆ ಕ್ಷಯಾಣುವಿನ ಸೋಂಕು ಆವಶ್ಯಕ. ಆದರೆ ಸೋಂಕು ತಗುಲಿದವರಲ್ಲಿ ಹೆಚ್ಚಿನವರಿಗೆ ರೋಗ ಕಾಣಿಸಿಕೊಳ್ಳುವುದಿಲ್ಲವಾದ್ದರಿಂದ ಅದು ಪರ್ಯಾಪ್ತವಲ್ಲ. ಪೌಷ್ಟಿಕತೆ, ರೋಗನಿರೋಧ ಶಕ್ತಿ ಮುಂತಾದವೂ ರೋಗದ ಬೆಳವಣಿಗೆಯನ್ನು ನಿರ್ಧರಿಸುತ್ತವೆ.

ಕಾರ್ಯಕಾರಣ ಸಂಬಂಧದ ತಾತ್ತ್ವಿಕ ವಿಶ್ಲೇಷಣೆಯಲ್ಲಿ ಜೆ. ಎಲ್. ಮ್ಯಾಕಿ 1965ರಲ್ಲಿ ಇನ್ನೊಂದು ಸೂಕ್ಷ್ಮವನ್ನು ಗುರುತಿಸಿದನು. ಬಣವೆಗೆ ಬೆಂಕಿ ಬೀಳಲು ಬೀಡಿಯ ಕಿಡಿ ಕಾರಣವೆಂದು ಹೇಳಿದಾಗ, ಕಿಡಿಯೊಂದೇ ಸಾಲದು. ಹುಲ್ಲು ಒಣಗಿರಬೇಕು, ಸಕಾಲದಲ್ಲಿ ಯಾರೂ ಆರಿಸದಿರಬೇಕು. ಕಿಡಿಯೇ ಬೇಕೆಂದೂ ಇಲ್ಲ. ಸಿಡಿಲು ಬಡಿದರೂ ಬಣವೆ ಉರಿಯಬಲ್ಲದು. ಆದರೆ ಕಿಡಿ, ಒಣಹುಲ್ಲು ಮುಂತಾದವುಗಳ ಒಂದು ಕೂಟವು ಪರ್ಯಾಪ್ತವಾಗಿದ್ದು, ಆ ಕೂಟದೊಳಗೆ ಕಿಡಿಯು ಅನಿವಾರ್ಯ ಅಂಗವಾಗಿದೆ. ವ್ಯವಹಾರದಲ್ಲಿ ‘ಕಾರಣ’ ಎನ್ನುವುದು ಹಲವು ವೇಳೆ ಇಂಥ ಅಂಗವನ್ನೇ ಎಂಬುದು ಮ್ಯಾಕಿಯ ಅಭಿಪ್ರಾಯ.

ಕಾನೂನಿನಲ್ಲಿ

ಕಾನೂನಿನ ಭಾಷೆಯಲ್ಲಿ ‘ಮತ್ತು’, ‘ಅಥವಾ’ ಎಂಬ ಪದಗಳೇ ಹಕ್ಕಿನ ಗಡಿಯನ್ನು ನಿರ್ಧರಿಸುತ್ತವೆ. ನಿಬಂಧನೆಗಳನ್ನು ‘ಮತ್ತು’ ಎಂದು ಜೋಡಿಸಿದ್ದರೆ ಪ್ರತಿಯೊಂದೂ ಆವಶ್ಯಕ. ‘ಅಥವಾ’ ಎಂದು ಜೋಡಿಸಿದ್ದರೆ ಪ್ರತಿಯೊಂದೂ ಪರ್ಯಾಪ್ತ, ಯಾವುದೊಂದೂ ಪ್ರತ್ಯೇಕವಾಗಿ ಆವಶ್ಯಕವಲ್ಲ. 2012ರ 98ನೆಯ ತಿದ್ದುಪಡಿಯ ಮೂಲಕ ಸಂವಿಧಾನಕ್ಕೆ ಸೇರಿದ 371(ಜೆ) ವಿಧಿಯು ಹೈದರಾಬಾದ್-ಕರ್ನಾಟಕ ಪ್ರದೇಶದ (2019ರಿಂದ ಕಲ್ಯಾಣ ಕರ್ನಾಟಕ) ಶಿಕ್ಷಣ ಸಂಸ್ಥೆಗಳಲ್ಲಿಯೂ ಸರ್ಕಾರಿ ಹುದ್ದೆಗಳಲ್ಲಿಯೂ ಜನ್ಮದಿಂದ ಅಥವಾ ಅಧಿವಾಸದಿಂದ ಆ ಪ್ರದೇಶಕ್ಕೆ ಸೇರಿದವರಿಗೆ ಮೀಸಲಾತಿ ಕಲ್ಪಿಸಲು ಅವಕಾಶ ನೀಡುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು, ಸಿಂಧನೂರು, ಮಸ್ಕಿ ತಾಲ್ಲೂಕುಗಳು ಈ ಪ್ರದೇಶದಲ್ಲಿವೆ. ಪ್ರದೇಶಕ್ಕೆ ಸೇರಿದವರೆನಿಸಲು ಜನ್ಮವೇ ಆಗಬೇಕೆಂಬ ಓದು ‘ಅಥವಾ’ ಎಂಬುದನ್ನು ಮರೆತ ಓದು. ಇನ್ನೊಂದೆಡೆ, ಮೀಸಲು ಸೀಟಿಗೆ ಪ್ರದೇಶಕ್ಕೆ ಸೇರಿರುವುದು ಆವಶ್ಯಕವೇ ಹೊರತು ಪರ್ಯಾಪ್ತವಲ್ಲ. ಆ ಕೋರ್ಸಿನ ಅಥವಾ ಹುದ್ದೆಯ ಇತರ ಅರ್ಹತೆಗಳೂ ಬೇಕು.

ಮತದಾನಕ್ಕೂ ಇದೇ ಮಾತು ಸಲ್ಲುತ್ತದೆ. 18 ವರ್ಷ ತುಂಬಿರುವುದು ಆವಶ್ಯಕ. ಆದರೆ ಮತದಾರರ ಪಟ್ಟಿಯಲ್ಲಿ ಹೆಸರು ಇಲ್ಲದವರು ವಯಸ್ಸಿನ ಬಲದಿಂದಲೇ ಮತ ಚಲಾಯಿಸಲಾರರು.

ಸಾಮಾನ್ಯ ದೋಷಗಳು

ಈ ಪರಿಕಲ್ಪನೆಗಳ ಬಳಕೆಯಲ್ಲಿ ಎರಡು ತರ್ಕದೋಷಗಳು ಪದೇಪದೇ ಕಂಡುಬರುತ್ತವೆ. ಮೊದಲನೆಯದು, ಅ ⇒ ಬ ಎಂಬುದನ್ನು ತಿಳಿದು, ಬ ಇರುವುದನ್ನು ಕಂಡು, ಅ ಇದೆಯೆಂದು ತೀರ್ಮಾನಿಸುವುದು. ಅಂಗಳ ನೆನೆದಿರುವುದರಿಂದ ಮಳೆ ಬಂದಿತೆನ್ನುವುದು ಈ ಬಗೆಯದು. ಎರಡನೆಯದು, ಅ ಇಲ್ಲದಿರುವುದರಿಂದ ಬ ಕೂಡ ಇಲ್ಲವೆನ್ನುವುದು. ಮಳೆ ಬಾರದಿದ್ದುದರಿಂದ ಅಂಗಳ ಒಣಗಿದೆಯೆನ್ನುವುದು ಈ ಬಗೆಯದು. ಎರಡೂ ವಿಲೋಮವನ್ನು ಸಾಧಿಸದೆಯೇ ಒಪ್ಪಿಕೊಂಡುದರಿಂದ ಹುಟ್ಟುತ್ತವೆ.

ಇವುಗಳಿಂದ ಪಾರಾಗಲು ಯಾವುದೇ ನಿಬಂಧನೆಯ ಬಗೆಗೆ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳಬೇಕು. ಇದಿಲ್ಲದೆಯೂ ಫಲಿತವು ದೊರೆತ ಉದಾಹರಣೆಯುಂಟೇ? ಉಂಟಾದರೆ ಅದು ಆವಶ್ಯಕವಲ್ಲ. ಇದಿದ್ದೂ ಫಲಿತವು ದೊರೆಯದ ಉದಾಹರಣೆಯುಂಟೇ? ಉಂಟಾದರೆ ಅದು ಪರ್ಯಾಪ್ತವಲ್ಲ. ‘ಬೇಕೇ’ ಎಂಬ ಪ್ರಶ್ನೆಗೆ ದೊರೆತ ಉತ್ತರವು ‘ಸಾಕೇ’ ಎಂಬ ಪ್ರಶ್ನೆಗೆ ಉತ್ತರವಾಗಲಾರದು.